ಹುಲ್ಲುಹಾಸಿನಲ್ಲಿ ಕಾಂಪೋಸ್ಟ್ ಟೀ ಬಳಕೆಯ ಸುರಕ್ಷತೆ

ಕಾಂಪೋಸ್ಟ್ ಟೀ ಎಂಬುದು ಚೆನ್ನಾಗಿ ಕಳಿತ ಕಾಂಪೋಸ್ಟ್ ಗೊಬ್ಬರವನ್ನು ನೀರಿನಲ್ಲಿ ನೆನೆಸಿ, ಅದರಲ್ಲಿರುವ ಸೂಕ್ಷ್ಮಜೀವಿಗಳು, ನುಣ್ಣನೆಯ ಸಾವಯವ ಕಣಗಳು ಹಾಗೂ ಕರಗಬಲ್ಲ ಪೋಷಕಾಂಶಗಳು ನೀರಿಗೆ ಇಳಿಯುವಂತೆ ಮಾಡಿ ಪಡೆಯುವ ದ್ರವ. ಹೆಸರಿನಲ್ಲಿ 'ಟೀ' ಎಂದಿದ್ದರೂ ಇದು ಪಾನೀಯವಲ್ಲ. ಮಣ್ಣಿಗೆ ಉಣಿಸಲು ಅಥವಾ ಎಲೆಗಳ ಮೇಲೆ ಸಿಂಪಡಿಸಲು ಮಾತ್ರ ಬಳಸುವಂಥದು. ಉದ್ಯಾನ, ಮನೆಯಂಗಳ, ಶಾಲಾ ಮೈದಾನ ಮತ್ತು ಗಾಲ್ಫ್ ಅಂಗಣಗಳ ಹುಲ್ಲುಹಾಸಿನ ನಿರ್ವಹಣೆಯಲ್ಲಿ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಬಳಕೆಯನ್ನು ತಗ್ಗಿಸುವ ಉದ್ದೇಶದಿಂದ ಇದನ್ನು ಬಳಸಲಾಗುತ್ತದೆ.

ಕಾಂಪೋಸ್ಟ್ ಟೀ ಸಾವಯವ ಮೂಲದ್ದು ಎಂಬ ಕಾರಣಕ್ಕೆ ತಾನಾಗಿಯೇ ನಿರಪಾಯಕಾರಿಯಾಗುವುದಿಲ್ಲ. ಮೂಲ ಗೊಬ್ಬರದಲ್ಲಿ ರೋಗಕಾರಕ ಬ್ಯಾಕ್ಟೀರಿಯಗಳು ಉಳಿದಿದ್ದರೆ ಮತ್ತು ತಯಾರಿಕೆಯಲ್ಲಿ ಕಾಕಂಬಿಯಂತಹ ಸಕ್ಕರೆಯ ಪದಾರ್ಥಗಳನ್ನು ಬೆರೆಸಿದರೆ, ಅವು ದ್ರವದಲ್ಲಿ ಬಹುಬೇಗ ವೃದ್ಧಿಯಾಗಬಲ್ಲವು. ಹುಲ್ಲುಹಾಸನ್ನು ಯಾರೂ ತಿನ್ನುವುದಿಲ್ಲವಾದರೂ, ಮಕ್ಕಳು ಅದರ ಮೇಲೆ ಹೊರಳುತ್ತಾರೆ, ಆಟಗಾರರು ಬಿದ್ದು ಮೈ ತರಚಿಕೊಳ್ಳುತ್ತಾರೆ, ಸಾಕುಪ್ರಾಣಿಗಳು ಅದನ್ನು ಮೂಸಿ ನೆಕ್ಕುತ್ತವೆ. ಆದ್ದರಿಂದ ಇಲ್ಲಿನ ಅಪಾಯದ ಸ್ವರೂಪವು ತರಕಾರಿ ಬೆಳೆಯ ಅಪಾಯಕ್ಕಿಂತ ಭಿನ್ನವಾಗಿದೆ.

## ಹಿನ್ನೆಲೆ

ಗೊಬ್ಬರವನ್ನು ನೀರಿನಲ್ಲಿ ನೆನೆಸಿ ಗಿಡಗಳಿಗೆ ಹಾಕುವ ಪದ್ಧತಿ ಅನೇಕ ದೇಶಗಳ ಕೃಷಿ ಪರಂಪರೆಯಲ್ಲಿದೆ. ಗಾಳಿ ಹಾಯಿಸಿ ತಯಾರಿಸುವ ಆಧುನಿಕ ಕಾಂಪೋಸ್ಟ್ ಟೀ 1990ರ ದಶಕದ ನಂತರ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರಚಾರಕ್ಕೆ ಬಂದಿತು. ಮಣ್ಣಿನ ಸೂಕ್ಷ್ಮಜೀವಿಗಳ ಆಹಾರ ಜಾಲದ ಕುರಿತು ಕೆಲಸ ಮಾಡಿದ ವಿಜ್ಞಾನಿ ಎಲೈನ್ ಇಂಗಮ್ ಇದರ ಪ್ರಮುಖ ಪ್ರತಿಪಾದಕರು.

ಹುಲ್ಲುಹಾಸಿನ ಕ್ಷೇತ್ರದಲ್ಲಿ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿರುವ ಬ್ಯಾಟರಿ ಪಾರ್ಕ್ ಸಿಟಿಯ ಉದ್ಯಾನಗಳು ಹಾಗೂ ಹಾರ್ವರ್ಡ್ ವಿಶ್ವವಿದ್ಯಾಲಯದ ಆವರಣ ಹೆಚ್ಚು ಚರ್ಚಿತವಾದ ಉದಾಹರಣೆಗಳು. ಹಾರ್ವರ್ಡ್‌ನಲ್ಲಿ 2008ರಲ್ಲಿ ಒಂದು ಎಕರೆ ಪ್ರದೇಶದಲ್ಲಿ ಪ್ರಯೋಗ ಆರಂಭವಾಗಿ, ಬಳಿಕ ಆವರಣದ ಇತರ ಭಾಗಗಳಿಗೂ ವಿಸ್ತರಿಸಿತು. ಅಲ್ಲಿ ಕಾಂಪೋಸ್ಟ್ ಮತ್ತು ಕಾಂಪೋಸ್ಟ್ ಟೀ ಎರಡನ್ನೂ ಬಳಸಿದ್ದಲ್ಲದೆ ನೀರಾವರಿಯ ಕ್ರಮವನ್ನೂ ಬದಲಿಸಲಾಗಿತ್ತು. ಹೀಗಾಗಿ ಅಲ್ಲಿನ ಸುಧಾರಣೆಯಲ್ಲಿ ಟೀಯೊಂದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು.

ಸೌಂದರ್ಯದ ಉದ್ದೇಶಕ್ಕಾಗಿ ಕೀಟನಾಶಕಗಳನ್ನು ಬಳಸುವುದರ ಮೇಲಿನ ನಿರ್ಬಂಧಗಳೂ ಇಂತಹ ಪರ್ಯಾಯಗಳ ಬೇಡಿಕೆಯನ್ನು ಹೆಚ್ಚಿಸಿದವು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇಂತಹ ನಿಷೇಧ 2009ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು.

## ತಯಾರಿಕೆಯ ವಿಧಾನಗಳು

ಕಾಂಪೋಸ್ಟ್ ಟೀಯನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ತಯಾರಿಸಲಾಗುತ್ತದೆ.

* ಗಾಳಿ ಹಾಯಿಸಿದ ಟೀ: ಕಾಂಪೋಸ್ಟನ್ನು ಜಾಲರಿಯ ಚೀಲದಲ್ಲಿ ಹಾಕಿ ನೀರಿನಲ್ಲಿ ಇಳಿಬಿಟ್ಟು, ಪಂಪಿನ ಮೂಲಕ ನಿರಂತರವಾಗಿ ಗಾಳಿ ಹಾಯಿಸಲಾಗುತ್ತದೆ. ಸಾಮಾನ್ಯವಾಗಿ 12ರಿಂದ 36 ಗಂಟೆಗಳಲ್ಲಿ ಇದು ಸಿದ್ಧವಾಗುತ್ತದೆ. ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಕಾಕಂಬಿ, ಕಡಲಕಳೆಯ ಸಾರ, ಹ್ಯೂಮಿಕ್ ಆಮ್ಲ, ಮೀನಿನ ಸಾರ ಮೊದಲಾದ ಪೂರಕಗಳನ್ನು ಬೆರೆಸುವುದುಂಟು.
* ಗಾಳಿ ಹಾಯಿಸದ ಟೀ: ಕಾಂಪೋಸ್ಟ್ ಮತ್ತು ನೀರನ್ನು ತೊಟ್ಟಿಯಲ್ಲಿ ಬೆರೆಸಿ, ಆಗಾಗ ಕಲಕುತ್ತ ಒಂದೆರಡು ವಾರ ಬಿಡಲಾಗುತ್ತದೆ. ಕಾಂಪೋಸ್ಟಿಗೆ ಅದರ ಗಾತ್ರದ 3ರಿಂದ 10 ಪಟ್ಟು ನೀರು ಸೇರಿಸುವುದು ವಾಡಿಕೆ.

ಇವೆರಡಲ್ಲದೆ, ಕಾಂಪೋಸ್ಟನ್ನು ನೀರಿನಲ್ಲಿ ಕೆಲವು ನಿಮಿಷ ಮಾತ್ರ ಕದಡಿ, ಸೋಸಿ, ಕೂಡಲೇ ಬಳಸುವ ವಿಧಾನವೂ ಇದೆ. ಇದನ್ನು ಟೀ ಎನ್ನುವ ಬದಲು ಕಾಂಪೋಸ್ಟ್ ಸಾರ ಎಂದು ಕರೆಯುವುದು ರೂಢಿ. ಸೂಕ್ಷ್ಮಜೀವಿಗಳ ವೃದ್ಧಿಗೆ ಇಲ್ಲಿ ಕಾಲಾವಕಾಶವಿಲ್ಲದ ಕಾರಣ ರೋಗಾಣುಗಳ ವೃದ್ಧಿಗೂ ಅವಕಾಶ ಕಡಿಮೆ.

## ರೋಗಕಾರಕ ಸೂಕ್ಷ್ಮಜೀವಿಗಳು

### ಮೂಲ

ಕಾಂಪೋಸ್ಟ್ ಟೀಗೆ ಸಂಬಂಧಿಸಿದಂತೆ ಹೆಚ್ಚು ಅಧ್ಯಯನಕ್ಕೊಳಗಾದ ರೋಗಾಣುಗಳೆಂದರೆ ಎಸ್ಚರೀಷಿಯ ಕೋಲೈ ಒ157:ಎಚ್7 ಮತ್ತು ಸಾಲ್ಮೊನೆಲ್ಲ. ಎರಡೂ ಸಾಮಾನ್ಯವಾಗಿ ಪ್ರಾಣಿಗಳ ಮಲದ ಮೂಲಕ ಗೊಬ್ಬರಕ್ಕೆ ಸೇರುತ್ತವೆ. ಒ157 ತಳಿಯು ಆಕಳು, ಕುರಿ ಮೊದಲಾದ ಮೆಲುಕು ಹಾಕುವ ಪ್ರಾಣಿಗಳ ಕರುಳಿನಲ್ಲಿ ಅವುಗಳಿಗೆ ತೊಂದರೆ ಕೊಡದೆಯೇ ಇರಬಲ್ಲದು. ಆದರೆ ಮನುಷ್ಯರಲ್ಲಿ ನೂರಕ್ಕಿಂತ ಕಡಿಮೆ ಸಂಖ್ಯೆಯ ಜೀವಕೋಶಗಳು ಹೊಟ್ಟೆ ಸೇರಿದರೂ ರಕ್ತಭೇದಿ ಉಂಟಾಗಬಹುದು. ಸೋಂಕಿತರಲ್ಲಿ ಶೇಕಡ 5ರಿಂದ 10ರಷ್ಟು ಮಂದಿಗೆ ಮೂತ್ರಪಿಂಡಗಳನ್ನು ಹಾನಿಗೊಳಿಸುವ ಹೀಮೊಲಿಟಿಕ್ ಯುರೇಮಿಕ್ ಸಿಂಡ್ರೋಮ್ ಕಾಣಿಸಿಕೊಳ್ಳುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇದರ ಅಪಾಯ ಅತ್ಯಧಿಕ.

ಸರಿಯಾಗಿ ಕಾಂಪೋಸ್ಟ್ ತಯಾರಿಸಿದಾಗ ರಾಶಿಯೊಳಗೆ ಹುಟ್ಟುವ ಶಾಖವೇ ಈ ರೋಗಾಣುಗಳನ್ನು ನಾಶಪಡಿಸುತ್ತದೆ. ಅಮೆರಿಕದ ಸಾವಯವ ಕೃಷಿ ನಿಯಮಗಳ ಪ್ರಕಾರ, ಮುಚ್ಚಿದ ಪಾತ್ರೆಯಲ್ಲಿ ಅಥವಾ ಗಾಳಿ ಹಾಯಿಸಿದ ಸ್ಥಿರ ರಾಶಿಯಲ್ಲಿ 55ರಿಂದ 77 ಡಿಗ್ರಿ ಸೆಲ್ಸಿಯಸ್ ಉಷ್ಣತೆ 3 ದಿನ ಇರಬೇಕು. ಉದ್ದನೆಯ ಸಾಲುಗಳಾಗಿ ಪೇರಿಸಿದ ರಾಶಿಯಾದರೆ ಇದೇ ಉಷ್ಣತೆ 15 ದಿನ ಇರಬೇಕು ಮತ್ತು ಆ ಅವಧಿಯಲ್ಲಿ ಕನಿಷ್ಠ ಐದು ಬಾರಿ ರಾಶಿಯನ್ನು ಮಗುಚಬೇಕು. ರಾಶಿಯ ಅಂಚುಗಳು ನಡುಭಾಗದಷ್ಟು ಬಿಸಿಯಾಗುವುದಿಲ್ಲವಾದ್ದರಿಂದ, ಅಂಚಿನ ವಸ್ತುವನ್ನು ಒಳಕ್ಕೆ ತರುವುದು ಮಗುಚುವಿಕೆಯ ಉದ್ದೇಶ.

ಹಿತ್ತಿಲ ಸಣ್ಣ ಗುಂಡಿಗಳು ಹಲವು ವೇಳೆ ಈ ಉಷ್ಣತೆಯನ್ನು ಮುಟ್ಟುವುದಿಲ್ಲ. ಎರೆಹುಳು ಗೊಬ್ಬರದ ತಯಾರಿಕೆಯಲ್ಲಿ ಹುಳುಗಳು ಬದುಕಿರಬೇಕಾದ ಕಾರಣ ಬಿಸಿಯ ಹಂತವೇ ಇರುವುದಿಲ್ಲ. ಮೊದಲೇ ಬಿಸಿಯಲ್ಲಿ ಕಳಿತ ವಸ್ತುವನ್ನು ಹುಳುಗಳಿಗೆ ನೀಡುವುದು ಇದಕ್ಕೆ ಪರಿಹಾರ. ಪೂರ್ತಿ ಕಳಿತ ಕಾಂಪೋಸ್ಟ್ ಕೂಡ ಹಸಿ ಸಗಣಿಯ ಸಂಪರ್ಕ, ಕೊಳಕು ಸಲಿಕೆ, ಹಕ್ಕಿ ಮತ್ತು ಇಲಿಗಳ ಹಿಕ್ಕೆಗಳಿಂದ ಮತ್ತೆ ಕಲುಷಿತಗೊಳ್ಳಬಹುದು.

### ಪೂರಕ ಪದಾರ್ಥಗಳ ಪಾತ್ರ

ಪೂರ್ತಿ ಕಳಿತ ಕಾಂಪೋಸ್ಟಿನಲ್ಲಿ ಸುಲಭವಾಗಿ ಜೀರ್ಣವಾಗುವ ಆಹಾರ ಬಹುತೇಕ ಮುಗಿದಿರುತ್ತದೆ. ಅಳಿದುಳಿದ ರೋಗಾಣುಗಳು ಅಲ್ಲಿನ ಅಸಂಖ್ಯ ಇತರ ಸೂಕ್ಷ್ಮಜೀವಿಗಳೊಡನೆ ಪೈಪೋಟಿ ನಡೆಸಲಾಗದೆ ಕ್ಷೀಣಿಸುತ್ತವೆ. ಕಾಕಂಬಿಯನ್ನು ಬೆರೆಸಿದಾಗ ಈ ಸಮತೋಲ ಬದಲಾಗುತ್ತದೆ. ಉಪಯುಕ್ತ ಬ್ಯಾಕ್ಟೀರಿಯಗಳಿಗಾಗಿ ಹಾಕಿದ ಸಕ್ಕರೆ ರೋಗಾಣುಗಳಿಗೂ ಒದಗುತ್ತದೆ.

2004ರಲ್ಲಿ ಡಫಿ ಮತ್ತು ಸಹಸಂಶೋಧಕರು ಪ್ರಕಟಿಸಿದ ಅಧ್ಯಯನವು, ಕಾಕಂಬಿ ಬೆರೆಸಿದ ಟೀಯಲ್ಲಿ ಎಸ್ಚರೀಷಿಯ ಕೋಲೈ ಒ157:ಎಚ್7 ಮತ್ತು ಸಾಲ್ಮೊನೆಲ್ಲ ಮತ್ತೆ ವೃದ್ಧಿಯಾಗುವುದನ್ನು ತೋರಿಸಿತು. 2007ರಲ್ಲಿ ಇಂಗ್ರಾಂ ಮತ್ತು ಮಿಲ್ನರ್, ಈ ರೋಗಾಣುಗಳ ವೃದ್ಧಿಗೆ ಪೂರಕ ಪದಾರ್ಥಗಳ ಸೇರ್ಪಡೆಯೇ ನಿರ್ಣಾಯಕ ಅಂಶವೆಂದು ವರದಿ ಮಾಡಿದರು.

ವೃದ್ಧಿಯ ವೇಗವನ್ನು ಒಂದು ಸರಳ ಲೆಕ್ಕದಿಂದ ಊಹಿಸಿಕೊಳ್ಳಬಹುದು. ಒಂದು ಜೀವಕೋಶವು ಗಂಟೆಗೊಮ್ಮೆ ಇಮ್ಮಡಿಯಾದರೆ 24 ಗಂಟೆಗಳ ಕೊನೆಗೆ ಅದರ ಸಂಖ್ಯೆ 1.67 ಕೋಟಿಯನ್ನು ದಾಟುತ್ತದೆ. ಅನುಕೂಲಕರ ಉಷ್ಣತೆ ಮತ್ತು ಆಹಾರ ದೊರೆತ ಪ್ರಯೋಗಾಲಯದಲ್ಲಿ ಎಸ್ಚರೀಷಿಯ ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ತೊಟ್ಟಿಯಲ್ಲಿ ಇತರ ಜೀವಿಗಳ ಪೈಪೋಟಿ ಮತ್ತು ಕಡಿಮೆ ಉಷ್ಣತೆಯಿಂದಾಗಿ ವೇಗ ತಗ್ಗುತ್ತದೆಯಾದರೂ, ಗೊಬ್ಬರದಲ್ಲಿ ಅತ್ಯಲ್ಪವಾಗಿದ್ದ ರೋಗಾಣು ಒಂದು ದಿನದ ತಯಾರಿಕೆಯಲ್ಲಿ ಅಪಾಯಕಾರಿ ಪ್ರಮಾಣಕ್ಕೇರಲು ಏಕೆ ಸಾಧ್ಯ ಎಂಬುದು ಇದರಿಂದ ತಿಳಿಯುತ್ತದೆ.

### ಗಾಳಿ ಹಾಯಿಸುವಿಕೆಯ ಕುರಿತ ತಪ್ಪು ಕಲ್ಪನೆ

ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ರೋಗಾಣುಗಳು ಬೆಳೆಯಲಾರವು ಎಂಬ ಅಭಿಪ್ರಾಯ ಕಾಂಪೋಸ್ಟ್ ಟೀ ಬಳಕೆದಾರರಲ್ಲಿ ವ್ಯಾಪಕವಾಗಿದೆ. ಎಸ್ಚರೀಷಿಯ ಕೋಲೈ ಮತ್ತು ಸಾಲ್ಮೊನೆಲ್ಲ ಆಮ್ಲಜನಕವಿದ್ದರೂ ಇಲ್ಲದಿದ್ದರೂ ಬದುಕಿ ಬೆಳೆಯಬಲ್ಲ ಬ್ಯಾಕ್ಟೀರಿಯಗಳಾದ್ದರಿಂದ ಈ ಅಭಿಪ್ರಾಯ ಸರಿಯಲ್ಲ. ಗಾಳಿ ಹಾಯಿಸುವುದರಿಂದ ದುರ್ವಾಸನೆ ತಗ್ಗುತ್ತದೆ ಮತ್ತು ಆಮ್ಲಜನಕವನ್ನು ಬೇಡುವ ಜೀವಿಗಳು ಹೆಚ್ಚುತ್ತವೆ. ಆದರೆ ಒಳ್ಳೆಯ ವಾಸನೆಯ ಟೀ ಸುರಕ್ಷಿತವೆಂದು ತೀರ್ಮಾನಿಸಲು ಬಾರದು; ಬಣ್ಣ, ನೊರೆ, ವಾಸನೆಗಳಿಂದ ರೋಗಾಣುಗಳ ಇರವನ್ನು ಗುರುತಿಸಲಾಗದು.

## ಹುಲ್ಲುಹಾಸಿನಲ್ಲಿ ಸೋಂಕಿನ ಮಾರ್ಗಗಳು

### ಹುಲ್ಲಿನಿಂದ ಬಾಯಿಗೆ

ತರಕಾರಿಯನ್ನು ತೊಳೆದು, ಬೇಯಿಸಿ ತಿನ್ನಬಹುದು. ಹುಲ್ಲುಹಾಸಿನ ಸಂದರ್ಭದಲ್ಲಿ ಇಂತಹ ನಡುವಣ ಹಂತವಿಲ್ಲ. ಕೈ, ಆಟಿಕೆ, ಚೆಂಡು, ಬರಿಗಾಲು ಮತ್ತು ಬುತ್ತಿಯ ಮೂಲಕ ಹುಲ್ಲಿನ ಮೇಲಿನ ತೇವ ನೇರವಾಗಿ ಬಾಯಿಗೆ ತಲುಪಬಹುದು.

ಮಲದಿಂದ ಕಲುಷಿತಗೊಂಡ ಹುಲ್ಲುಗಾವಲಿನಿಂದ ಸೋಂಕು ಹರಡಿದ ಘಟನೆಗಳು ಬ್ರಿಟನ್ನಿನಲ್ಲಿ ದಾಖಲಾಗಿವೆ. 1997ರ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ದನಗಳು ಮೇದಿದ್ದ ಜಮೀನಿನ ಕೆಸರು ಎಸ್ಚರೀಷಿಯ ಕೋಲೈ ಒ157 ಸೋಂಕಿಗೆ ಕಾರಣವಾಗಿರಬಹುದೆಂದು ಶಂಕಿಸಲಾಯಿತು. 2000ರ ಮೇ ತಿಂಗಳಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನ್‌ಶೈರ್ ಪ್ರದೇಶದ ನ್ಯೂ ಡೀರ್ ಎಂಬಲ್ಲಿ, ಸ್ವಲ್ಪವೇ ಮೊದಲು ಕುರಿಗಳು ಮೇದಿದ್ದ ಮೈದಾನದಲ್ಲಿ ಸ್ಕೌಟ್ ಶಿಬಿರ ನಡೆದು, 20 ಮಂದಿಗೆ ಇದೇ ಸೋಂಕು ತಗುಲಿತು. ಇವೆರಡೂ ಪ್ರಾಣಿಗಳ ಹಸಿ ಮಲದಿಂದ ಉಂಟಾದವು. ಕಾಂಪೋಸ್ಟ್ ಟೀಗೂ ಇವಕ್ಕೂ ಸಂಬಂಧವಿಲ್ಲ. ಆದರೆ ಹುಲ್ಲಿನ ಮೇಲೆ ಬಿದ್ದ ರೋಗಾಣು ಮನುಷ್ಯರನ್ನು ತಲುಪಬಲ್ಲದು ಎಂಬುದಕ್ಕೆ ಇವು ನಿದರ್ಶನಗಳು. ಬ್ರಿಟನ್ನಿನ ಮಾರ್ಗಸೂಚಿಗಳು ಹುಲ್ಲುಗಾವಲನ್ನು ಮನರಂಜನೆಗೆ ಬಳಸುವ ಮೂರು ವಾರ ಮೊದಲೇ ದನಕುರಿಗಳನ್ನು ಅಲ್ಲಿಂದ ಹೊರಗಿಡಲು ಹಾಗೂ ಕಣ್ಣಿಗೆ ಕಾಣುವ ಸಗಣಿ ಹಿಕ್ಕೆಗಳನ್ನು ತೆಗೆಯಲು ಸೂಚಿಸುತ್ತವೆ.

ಬಿಸಿಲಿನ ನೇರಳಾತೀತ ಕಿರಣಗಳು ಮತ್ತು ಒಣಗುವಿಕೆಯಿಂದ ಎಲೆಯ ಮೇಲಿನ ಬ್ಯಾಕ್ಟೀರಿಯಗಳು ಬೇಗನೆ ಸಾಯುತ್ತವೆ. ಹುಲ್ಲಿನ ಬುಡದಲ್ಲಿ ಶೇಖರವಾಗುವ ಒಣಹುಲ್ಲಿನ ಪದರ ಹಾಗೂ ಒದ್ದೆ ಮಣ್ಣು ನೆರಳು ಮತ್ತು ತೇವ ಒದಗಿಸುವುದರಿಂದ ಅಲ್ಲಿ ಅವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯಬಹುದು. ಪ್ರತಿದಿನ ನೀರು ಸಿಂಪಡಿಸುವ ಹುಲ್ಲುಹಾಸು ಈ ದೃಷ್ಟಿಯಿಂದ ಒಣ ಹುಲ್ಲುಹಾಸಿಗಿಂತ ಹೆಚ್ಚು ಗಮನ ಬೇಡುತ್ತದೆ.

### ಕ್ರೀಡಾಂಗಣ ಮತ್ತು ಗಾಲ್ಫ್ ಅಂಗಣ

ಫುಟ್‌ಬಾಲ್, ಹಾಕಿ, ಕಬಡ್ಡಿ ಮೊದಲಾದ ಆಟಗಳಲ್ಲಿ ಚರ್ಮ ತರಚುವುದು ಸಾಮಾನ್ಯ. ತೆರೆದ ಗಾಯಕ್ಕೆ ಮಣ್ಣು ಮತ್ತು ಗೊಬ್ಬರದ ದ್ರವ ತಗುಲಿದರೆ ಗಾಯ ಕೀವುಗಟ್ಟಬಹುದು. ಧನುರ್ವಾಯು ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿ ಸಹಜವಾಗಿಯೇ ಇರುವುದರಿಂದ, ಟೀ ಬಳಸಿದರೂ ಬಳಸದಿದ್ದರೂ ಆಟಗಾರರು ಮತ್ತು ಮೈದಾನದ ಸಿಬ್ಬಂದಿ ಧನುರ್ವಾಯು ಲಸಿಕೆಯನ್ನು ಕಾಲಕಾಲಕ್ಕೆ ಪಡೆದಿರಬೇಕು.

ಗಾಲ್ಫ್ ಆಟಗಾರರಲ್ಲಿ ಕೆಲವರಿಗೆ ಚೆಂಡನ್ನು ನೆಕ್ಕಿ ಸ್ವಚ್ಛಗೊಳಿಸುವ ಅಭ್ಯಾಸವಿದೆ. 1997ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ಈ ಅಭ್ಯಾಸವಿದ್ದ ಐರ್ಲೆಂಡಿನ ಆಟಗಾರರೊಬ್ಬರಿಗೆ ಯಕೃತ್ತಿನ ಉರಿಯೂತ ಉಂಟಾದ ಪ್ರಕರಣ ವರದಿಯಾಯಿತು; ಅಂಗಣಕ್ಕೆ ಸಿಂಪಡಿಸಿದ ಕಳೆನಾಶಕವೇ ಕಾರಣವೆಂದು ವೈದ್ಯರು ಶಂಕಿಸಿದ್ದರು. ರಾಸಾಯನಿಕದ ಬದಲಿಗೆ ಕಾಂಪೋಸ್ಟ್ ಟೀ ಬಳಸಿದ ಅಂಗಣದಲ್ಲಿಯೂ ಇದೇ ಮಾರ್ಗದಿಂದ ಸೂಕ್ಷ್ಮಜೀವಿಗಳು ದೇಹವನ್ನು ಸೇರಬಹುದು.

### ಸಾಕುಪ್ರಾಣಿಗಳು

ಕಾಕಂಬಿ ಮತ್ತು ಮೀನಿನ ಸಾರದ ವಾಸನೆ ನಾಯಿಗಳನ್ನು ಸೆಳೆಯುತ್ತದೆ. ಬೂಷ್ಟು ಹಿಡಿದ ಕಾಂಪೋಸ್ಟ್ ತಿಂದ ನಾಯಿಗಳಲ್ಲಿ ಶಿಲೀಂಧ್ರ ವಿಷಗಳಿಂದ ನಡುಕ ಮತ್ತು ಸೆಳವು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸೋಸಿ ಉಳಿದ ಚರಟ, ಬಳಸದೆ ಉಳಿದ ಟೀ ಮತ್ತು ಗೊಬ್ಬರದ ರಾಶಿಯನ್ನು ಪ್ರಾಣಿಗಳಿಗೆ ಎಟುಕದಂತೆ ಇಡಬೇಕು.

## ಸಿಂಪಡಿಸುವವರ ಆರೋಗ್ಯ

ಅತಿ ಹೆಚ್ಚು ಸಂಪರ್ಕಕ್ಕೆ ಒಳಗಾಗುವವರು ಟೀ ತಯಾರಿಸುವ ಮತ್ತು ಸಿಂಪಡಿಸುವ ಕೆಲಸಗಾರರು. ಸಿಂಪರಣೆಯಲ್ಲಿ ಹುಟ್ಟುವ ಸೂಕ್ಷ್ಮ ಹನಿಗಳು ಉಸಿರಿನೊಂದಿಗೆ ಶ್ವಾಸಕೋಶವನ್ನು ಸೇರಬಹುದು ಅಥವಾ ಕಣ್ಣು, ತುಟಿಗಳ ಮೇಲೆ ಕೂರಬಹುದು.

ಲೀಜಿಯೊನೆಲ್ಲ ಲಾಂಗ್‌ಬೀಚೇ ಎಂಬ ಬ್ಯಾಕ್ಟೀರಿಯವು ಕಾಂಪೋಸ್ಟ್ ಮತ್ತು ಕುಂಡದ ಮಣ್ಣಿನ ಮಿಶ್ರಣಗಳಲ್ಲಿ ಕಂಡುಬರುತ್ತದೆ. ಇದು ತೀವ್ರ ನ್ಯುಮೋನಿಯಕ್ಕೆ ಕಾರಣವಾಗಬಲ್ಲದು. 1980ರ ದಶಕದ ಕೊನೆಯಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಕಾಣಿಸಿಕೊಂಡ ಪ್ರಕರಣಗಳ ತನಿಖೆಯಿಂದ ಕುಂಡದ ಮಿಶ್ರಣಕ್ಕೂ ಈ ರೋಗಕ್ಕೂ ಇರುವ ನಂಟು ಬೆಳಕಿಗೆ ಬಂದಿತು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಇಂತಹ ಮಿಶ್ರಣದ ಚೀಲಗಳ ಮೇಲೆ ಆರೋಗ್ಯ ಎಚ್ಚರಿಕೆಯನ್ನು ಮುದ್ರಿಸಲಾಗುತ್ತದೆ.

ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಶಿಲೀಂಧ್ರವು ಬಿಸಿಯಾದ ಕಾಂಪೋಸ್ಟ್ ರಾಶಿಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಒಣ ಗೊಬ್ಬರವನ್ನು ಕೆದಕುವಾಗ ಅದರ ಬೀಜಕಣಗಳು ದೂಳಿನೊಂದಿಗೆ ಹಾರುತ್ತವೆ. ಕೊಳೆತ ಸಸ್ಯಾವಶೇಷಗಳನ್ನು ಹರಡಿದ ಬಳಿಕ ತೀವ್ರ ಆಸ್ಪರ್ಜಿಲೋಸಿಸ್‌ನಿಂದ ಬ್ರಿಟನ್ನಿನ ವ್ಯಕ್ತಿಯೊಬ್ಬರು ಮೃತಪಟ್ಟ ಪ್ರಕರಣವನ್ನು 'ದ ಲ್ಯಾನ್ಸೆಟ್' ಪತ್ರಿಕೆ 2008ರಲ್ಲಿ ಪ್ರಕಟಿಸಿತು. ಇಂತಹ ಪ್ರಕರಣಗಳು ವಿರಳ. ಆದರೂ ಅಸ್ತಮಾ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮತ್ತು ಇತರ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿರುವವರು ಈ ಕೆಲಸದಿಂದ ದೂರವಿರುವುದು ಒಳಿತು.

ರೋಗಾಣುಗಳಿಗೆ ಸಂಬಂಧಿಸದ ಅಪಾಯಗಳೂ ಇವೆ. ನೀರಿನ ಪಕ್ಕದಲ್ಲೇ ವಿದ್ಯುತ್ ಪಂಪು ದಿನವಿಡೀ ಓಡುವುದರಿಂದ, ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಇಎಲ್‌ಸಿಬಿ ಅಗತ್ಯ. ಹುದುಗುವ ದ್ರವವನ್ನು ಬಿಗಿಯಾಗಿ ಮುಚ್ಚಿಟ್ಟರೆ ಅನಿಲದ ಒತ್ತಡದಿಂದ ಪಾತ್ರೆ ಒಡೆಯಬಹುದು. ವಾರಗಟ್ಟಲೆ ನಿಲ್ಲುವ ತೊಟ್ಟಿಗಳಲ್ಲಿ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ತೆರೆದ ತೊಟ್ಟಿ ಚಿಕ್ಕ ಮಕ್ಕಳಿಗೆ ಮುಳುಗುವ ಅಪಾಯವನ್ನೂ ಒಡ್ಡುತ್ತದೆ.

## ರಾಸಾಯನಿಕ ಶೇಷಗಳು ಮತ್ತು ಪರಿಸರ

ಕಾಂಪೋಸ್ಟಿಗೆ ಬಳಸಿದ ಹುಲ್ಲು, ಸಗಣಿ ಅಥವಾ ಒಣಮೇವಿನಲ್ಲಿ ಕಳೆನಾಶಕದ ಶೇಷವಿದ್ದರೆ ಅದು ಟೀಯಲ್ಲಿಯೂ ಇಳಿಯಬಹುದು. ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಕ್ಲೋಪಿರಾಲಿಡ್ ಕಾಂಪೋಸ್ಟ್ ಪ್ರಕ್ರಿಯೆಯಲ್ಲಿ ಬೇಗ ವಿಘಟನೆಗೊಳ್ಳುವುದಿಲ್ಲ; ನೀರಿನಲ್ಲಿ ಸುಲಭವಾಗಿ ಕರಗುತ್ತದೆ. 1999–2000ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ, ಹುಲ್ಲುಹಾಸಿನ ಕತ್ತರಿಕೆಗಳಿಂದ ತಯಾರಾದ ಕಾಂಪೋಸ್ಟಿನಲ್ಲಿ ಇದು ಪತ್ತೆಯಾಯಿತು. 2002ರಲ್ಲಿ ಆ ದೇಶದಲ್ಲಿ ಮನೆಯಂಗಳದ ಹುಲ್ಲುಹಾಸಿಗೆ ಇದರ ಬಳಕೆಯನ್ನು ಕೈಬಿಡಲಾಯಿತು. ಹುಲ್ಲು ಜಾತಿಯ ಸಸ್ಯಗಳು ಈ ಕಳೆನಾಶಕವನ್ನು ತಾಳಿಕೊಳ್ಳುವುದರಿಂದ ಹುಲ್ಲುಹಾಸಿನಲ್ಲಿ ಹಾನಿ ಕಾಣಿಸುವುದಿಲ್ಲ. ಅಂಚಿನಲ್ಲಿರುವ ಟೊಮ್ಯಾಟೊ, ಹುರುಳಿಕಾಯಿ, ಬಟಾಣಿಯಂತಹ ಸೂಕ್ಷ್ಮ ಸಸ್ಯಗಳು ಶತಕೋಟಿಗೆ ಕೆಲವೇ ಭಾಗಗಳಷ್ಟು ಶೇಷವಿದ್ದರೂ ಮುರುಟಿಕೊಳ್ಳುತ್ತವೆ.

ನಗರದ ಕಸದಿಂದ ತಯಾರಾದ ಕಾಂಪೋಸ್ಟಿನಲ್ಲಿ ಸೀಸ, ಕ್ಯಾಡ್ಮಿಯಂ ಮೊದಲಾದ ಭಾರಲೋಹಗಳಿರುವ ಸಾಧ್ಯತೆಯಿದೆ. ಭಾರತದ 1985ರ ರಸಗೊಬ್ಬರ ನಿಯಂತ್ರಣ ಆದೇಶವು ನಗರ ಕಾಂಪೋಸ್ಟಿನಲ್ಲಿ ಪ್ರತಿ ಕಿಲೋಗ್ರಾಂಗೆ ಸೀಸ 100 ಮಿಲಿಗ್ರಾಂ ಮತ್ತು ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದೆಂದು ವಿಧಿಸಿದೆ. ರೋಗಾಣುಗಳು ಇರಲೇಬಾರದೆಂದೂ ಹೇಳುತ್ತದೆ.

ಟೀಯಲ್ಲಿ ಸಾರಜನಕ ಮತ್ತು ರಂಜಕದ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಆದರೂ ಮಳೆಗೆ ಮುನ್ನ ಸಿಂಪಡಿಸಿದರೆ ಪೋಷಕಾಂಶಗಳೂ ಬ್ಯಾಕ್ಟೀರಿಯಗಳೂ ಹರಿದು ಕೆರೆ, ಬಾವಿ ಮತ್ತು ಚರಂಡಿಗಳನ್ನು ಸೇರಬಹುದು.

## ನಿಯಮಗಳು ಮತ್ತು ಮಾನದಂಡಗಳು

ಕಾಂಪೋಸ್ಟ್ ಟೀ ಕುರಿತ ವಿವರವಾದ ನಿಯಮಗಳು ಬಹುತೇಕ ಆಹಾರ ಬೆಳೆಗಳಿಗಾಗಿ ರೂಪುಗೊಂಡಿವೆ. ಹುಲ್ಲುಹಾಸಿನ ನಿರ್ವಾಹಕರು ಅವನ್ನೇ ಮಾರ್ಗದರ್ಶಿಯಾಗಿ ಬಳಸಿಕೊಳ್ಳಬಹುದು.

ಅಮೆರಿಕದ ರಾಷ್ಟ್ರೀಯ ಸಾವಯವ ಮಾನದಂಡ ಮಂಡಳಿಯ ಕಾಂಪೋಸ್ಟ್ ಟೀ ಕಾರ್ಯಪಡೆ 2004ರಲ್ಲಿ ಮಾಡಿದ ಶಿಫಾರಸುಗಳ ಸಾರ ಹೀಗಿದೆ:

* ತಯಾರಿಕೆಗೆ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು.
* ಉಪಕರಣಗಳನ್ನು ಪ್ರತಿ ಬಾರಿಯೂ ಶುಚಿಗೊಳಿಸಿ ಸೋಂಕುರಹಿತವಾಗಿಸಬೇಕು.
* ಉಷ್ಣತೆಯ ನಿಯಮವನ್ನು ಪಾಲಿಸಿ ತಯಾರಿಸಿದ ಕಾಂಪೋಸ್ಟನ್ನೇ ಬಳಸಬೇಕು.
* ಪೂರಕ ಬೆರೆಸದ ಟೀಯನ್ನು ನಿರ್ಬಂಧವಿಲ್ಲದೆ ಬಳಸಬಹುದು.
* ಪೂರಕ ಬೆರೆಸುವುದಾದರೆ, ಅದೇ ಕಾಂಪೋಸ್ಟ್, ಅದೇ ಪೂರಕ ಮತ್ತು ಅದೇ ಉಪಕರಣದಿಂದ ತಯಾರಿಸಿದ ಟೀಯನ್ನು ಮೊದಲು ಪರೀಕ್ಷಿಸಬೇಕು. 100 ಮಿಲಿಲೀಟರಿನಲ್ಲಿ ಎಸ್ಚರೀಷಿಯ ಕೋಲೈ 126 ಅಥವಾ ಎಂಟೆರೊಕಾಕೈ 33 ಘಟಕಗಳನ್ನು ಮೀರಬಾರದು.

ಕೊನೆಯ ಮಿತಿಯನ್ನು ಈಜು ಮೊದಲಾದ ಜಲಕ್ರೀಡೆಗಳ ನೀರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನಿಗದಿಪಡಿಸಿದ ಗುಣಮಟ್ಟದಿಂದ ತೆಗೆದುಕೊಳ್ಳಲಾಗಿದೆ. ಮೈಗೆ ತಾಗುವ, ಅಕಸ್ಮಾತ್ತಾಗಿ ಬಾಯಿಗೆ ಹೋಗಬಹುದಾದ ನೀರಿನ ಮಾನದಂಡವಿದು. ಹುಲ್ಲುಹಾಸಿನ ಸಂಪರ್ಕವೂ ಇದೇ ಬಗೆಯದಾದ್ದರಿಂದ ಈ ಮಿತಿಯು ಇಲ್ಲಿಗೂ ಹೊಂದುತ್ತದೆ.

2015ರಲ್ಲಿ ಅಂತಿಮಗೊಂಡ ಅಮೆರಿಕದ ಹಣ್ಣು-ತರಕಾರಿ ಸುರಕ್ಷತಾ ನಿಯಮವು ಇಂತಹ ದ್ರವಗಳನ್ನು 'ಕೃಷಿ ಟೀ' ಎಂದು ಹೆಸರಿಸಿ, ಪೂರಕ ಬೆರೆಸಿದ ಟೀಯನ್ನು ಸಂಸ್ಕರಿಸದ ಗೊಬ್ಬರದ ಸಾಲಿನಲ್ಲಿ ಇರಿಸುತ್ತದೆ. ಬ್ರಿಟನ್ನಿನ ಪಿಎಎಸ್ 100 ಮಾನದಂಡದ ಪ್ರಕಾರ ಕಾಂಪೋಸ್ಟಿನ ಪ್ರತಿ ಗ್ರಾಂನಲ್ಲಿ ಎಸ್ಚರೀಷಿಯ ಕೋಲೈ 1,000 ಘಟಕಗಳನ್ನು ಮೀರಬಾರದು ಮತ್ತು 25 ಗ್ರಾಂ ಮಾದರಿಯಲ್ಲಿ ಸಾಲ್ಮೊನೆಲ್ಲ ಇರಬಾರದು.

## ಸುರಕ್ಷತಾ ಕ್ರಮಗಳು

### ತಯಾರಿಕೆಯಲ್ಲಿ

* ಉಷ್ಣತೆಯ ದಾಖಲೆಯಿರುವ, ಪೂರ್ತಿ ಕಳಿತ ಕಾಂಪೋಸ್ಟನ್ನು ಆರಿಸಬೇಕು. ಹಸಿ ಸಗಣಿ, ಕೋಳಿ ಗೊಬ್ಬರ, ನಾಯಿ ಬೆಕ್ಕುಗಳ ಮಲ ಸೇರಿದ ಗೊಬ್ಬರವನ್ನು ಬಳಸಬಾರದು.
* ಶಾಲೆ, ಶಿಶುವಿಹಾರ, ಉದ್ಯಾನಗಳಿಗೆ ತಯಾರಿಸುವಾಗ ಕಾಕಂಬಿ, ಬೆಲ್ಲ, ಸಕ್ಕರೆಗಳನ್ನು ಬೆರೆಸದಿರುವುದೇ ಅತ್ಯಂತ ಸರಳ ಮತ್ತು ಪರಿಣಾಮಕಾರಿ ಮುನ್ನೆಚ್ಚರಿಕೆ.
* ಕೆರೆ ಅಥವಾ ಚರಂಡಿಯ ನೀರನ್ನು ಬಳಸಬಾರದು. ನಲ್ಲಿ ನೀರಿನ ಕ್ಲೋರಿನ್ ಹೋಗಲು ಸ್ವಲ್ಪ ಹೊತ್ತು ಗಾಳಿ ಹಾಯಿಸಿದರೆ ಸಾಕು.
* ತೊಟ್ಟಿ, ಕೊಳವೆ, ಜಾಲರಿ ಚೀಲ ಮತ್ತು ಸಿಂಪರಣಾ ಯಂತ್ರವನ್ನು ಪ್ರತಿ ಬಳಕೆಯ ನಂತರ ಉಜ್ಜಿ ತೊಳೆದು, ಸೋಂಕುನಿವಾರಕ ಹಾಕಿ ಒಣಗಿಸಬೇಕು. ಒಳಗೋಡೆಯ ಲೋಳೆಪದರದಲ್ಲಿ ರೋಗಾಣುಗಳು ಉಳಿದು ಮುಂದಿನ ತಯಾರಿಕೆಗೆ ದಾಟುತ್ತವೆ.
* ಸಿದ್ಧವಾದ ಟೀಯನ್ನು ಕೂಡಿಡದೆ ಕೆಲವೇ ಗಂಟೆಗಳಲ್ಲಿ ಬಳಸಬೇಕು.
* ತೊಟ್ಟಿಗೆ ಗಾಳಿಯಾಡುವ ಗಟ್ಟಿ ಮುಚ್ಚಳ ಹಾಗೂ ಸೊಳ್ಳೆಪರದೆ ಇರಬೇಕು. ಕುಡಿಯುವ ಪದಾರ್ಥದ ಬಾಟಲಿಗಳಲ್ಲಿ ಟೀಯನ್ನು ತುಂಬಿಡಬಾರದು.

### ಸಿಂಪರಣೆಯಲ್ಲಿ

* ಕೈಗವಸು, ಉದ್ದ ತೋಳಿನ ಅಂಗಿ, ಮುಚ್ಚಿದ ಪಾದರಕ್ಷೆ, ಕಣ್ಣಿನ ಕನ್ನಡಕ ಹಾಗೂ ಎನ್95 ದರ್ಜೆಯ ಮುಖಗವಸು ಧರಿಸಬೇಕು.
* ಮಂಜಿನಂತಹ ಸಣ್ಣ ಹನಿಗಳ ಬದಲು ದಪ್ಪ ಹನಿಗಳು ಬೀಳುವಂತೆ, ಕಡಿಮೆ ಒತ್ತಡದಲ್ಲಿ ಮಣ್ಣಿಗೆ ಉಣಿಸಬೇಕು. ಗಾಳಿ ಬೀಸುವಾಗ ಸಿಂಪಡಿಸಬಾರದು.
* ಮಳೆಯ ಮುನ್ಸೂಚನೆಯಿದ್ದಾಗ ಹಾಗೂ ಬಾವಿ, ಕೆರೆಗಳ ಅಂಚಿನಲ್ಲಿ ಬಳಸಬಾರದು.
* ಬಳಕೆಯ ನಂತರ ಕೈಗಳನ್ನು ಸಾಬೂನಿನಿಂದ ತೊಳೆದು, ಬಟ್ಟೆಗಳನ್ನು ಪ್ರತ್ಯೇಕವಾಗಿ ಒಗೆಯಬೇಕು.

### ಬಳಕೆಯ ನಂತರ

ಹುಲ್ಲು ಪೂರ್ತಿ ಒಣಗುವವರೆಗೆ ಜನ ಮತ್ತು ಪ್ರಾಣಿಗಳನ್ನು ದೂರವಿರಿಸುವುದು ಕನಿಷ್ಠ ಮುನ್ನೆಚ್ಚರಿಕೆ. ಪೂರಕ ಬೆರೆಸಿದ, ಪರೀಕ್ಷೆಗೊಳಪಡದ ಟೀಯನ್ನು ಮಕ್ಕಳು ಆಡುವ ಜಾಗದಲ್ಲಿ ಬಳಸಬಾರದು. ಶಾಲಾ ಮೈದಾನಗಳಲ್ಲಿ ರಜೆಯ ಆರಂಭದಲ್ಲಿ ಸಿಂಪಡಿಸುವುದು, ಸೂಚನಾ ಫಲಕ ಹಾಕುವುದು ಮತ್ತು ಆಟದ ನಂತರ ಕೈ ತೊಳೆಯಲು ವ್ಯವಸ್ಥೆ ಮಾಡುವುದು ಅಪಾಯವನ್ನು ಇನ್ನಷ್ಟು ತಗ್ಗಿಸುತ್ತವೆ. ಸಿಂಪರಣೆಯ ನಂತರದ ದಿನಗಳಲ್ಲಿ ರಕ್ತಮಿಶ್ರಿತ ಭೇದಿ, ತೀವ್ರ ಹೊಟ್ಟೆನೋವು ಅಥವಾ ಜ್ವರದೊಂದಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡರೆ ವೈದ್ಯರನ್ನು ಕಾಣಬೇಕು ಮತ್ತು ಗೊಬ್ಬರದ ಸಂಪರ್ಕವಾಗಿತ್ತೆಂಬುದನ್ನು ಅವರಿಗೆ ತಿಳಿಸಬೇಕು.

## ಪರಿಣಾಮಕಾರಿತ್ವದ ಚರ್ಚೆ

ಸುರಕ್ಷತೆಯ ಪ್ರಶ್ನೆಯನ್ನು ಪ್ರಯೋಜನದೊಡನೆ ತೂಗಿ ನೋಡಬೇಕಾಗುತ್ತದೆ. ಕಾಂಪೋಸ್ಟ್ ಟೀ ಸಸ್ಯರೋಗಗಳನ್ನು ಹತೋಟಿಗೆ ತರುತ್ತದೆ ಎಂಬುದಕ್ಕೆ ಸಂಶೋಧನೆಗಳ ಫಲಿತಾಂಶ ಏಕರೂಪವಾಗಿಲ್ಲ. ಒಂದೇ ವಿಧಾನದಲ್ಲಿ ತಯಾರಿಸಿದ ಟೀ ಕೂಡ ಕಾಂಪೋಸ್ಟಿನ ಮೂಲ, ಕಳಿತ ಅವಧಿ ಮತ್ತು ಉಷ್ಣತೆಗೆ ಅನುಗುಣವಾಗಿ ಬದಲಾಗುತ್ತದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತೋಟಗಾರಿಕಾ ತಜ್ಞೆ ಲಿಂಡಾ ಚಾಕರ್-ಸ್ಕಾಟ್, ಟೀಯ ಪರವಾದ ಹಲವು ಪ್ರತಿಪಾದನೆಗಳಿಗೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲವೆಂದು ಟೀಕಿಸಿದ್ದಾರೆ.

ಸೌತೆಯ ಸಸಿ ಕೊಳೆ ರೋಗದ ಮೇಲೆ ಶೂರೆಲ್ ಮತ್ತು ಮಹಾಫಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಲಕಳೆ ಮತ್ತು ಹ್ಯೂಮಿಕ್ ಆಮ್ಲ ಬೆರೆಸಿದ ಗಾಳಿ ಹಾಯಿಸಿದ ಟೀ ಹೆಚ್ಚು ಸ್ಥಿರವಾದ ಫಲ ನೀಡಿತು. ರೋಗ ಹತೋಟಿಗೆ ನೆರವಾಗುವ ಪೂರಕಗಳೇ ಮಾನವ ರೋಗಾಣುಗಳನ್ನೂ ಪೋಷಿಸಬಲ್ಲವು ಎಂಬುದು ಈ ಕ್ಷೇತ್ರದ ಮುಖ್ಯ ಇಕ್ಕಟ್ಟು.

ಹುಲ್ಲುಹಾಸಿಗೆ ಇದಕ್ಕೊಂದು ಪರ್ಯಾಯವಿದೆ. ನುಣ್ಣಗೆ ಜರಡಿ ಹಿಡಿದ, ಪೂರ್ತಿ ಕಳಿತ ಕಾಂಪೋಸ್ಟನ್ನು ಕಾಲು ಅಂಗುಲದಷ್ಟು ತೆಳುವಾಗಿ ಹುಲ್ಲಿನ ಮೇಲೆ ಹರಡಿದರೆ ಪೋಷಕಾಂಶ ಮತ್ತು ಸಾವಯವ ಅಂಶ ಎರಡೂ ಮಣ್ಣಿಗೆ ಸೇರುತ್ತವೆ. ದ್ರವದಲ್ಲಿ ರೋಗಾಣುಗಳನ್ನು ವೃದ್ಧಿಸುವ ಹಂತವೇ ಇಲ್ಲಿ ಇರುವುದಿಲ್ಲ.

## ಭಾರತದ ಸಂಬಂಧಿತ ದ್ರಾವಣಗಳು

ಕರ್ನಾಟಕವೂ ಸೇರಿದಂತೆ ಭಾರತದ ಹಲವು ಕಡೆ ಬಳಕೆಯಲ್ಲಿರುವ ಜೀವಾಮೃತ, ಪಂಚಗವ್ಯ ಮತ್ತು ಎರೆಜಲಗಳನ್ನು ಕೆಲವೊಮ್ಮೆ ಕಾಂಪೋಸ್ಟ್ ಟೀಗೆ ಹೋಲಿಸಲಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇವು ಭಿನ್ನ. ಸುಭಾಷ್ ಪಾಳೇಕರ್ ಪ್ರಚಾರಕ್ಕೆ ತಂದ ಜೀವಾಮೃತದಲ್ಲಿ ಒಂದು ಎಕರೆಗೆ ಸುಮಾರು 200 ಲೀಟರ್ ನೀರಿಗೆ 10 ಕಿಲೋಗ್ರಾಂ ಹಸಿ ಸಗಣಿ, 5ರಿಂದ 10 ಲೀಟರ್ ಗೋಮೂತ್ರ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಮತ್ತು ಒಂದು ಹಿಡಿ ಮಣ್ಣನ್ನು ಬೆರೆಸಿ ಹುದುಗಿಸಲಾಗುತ್ತದೆ. ಸಗಣಿ ಇಲ್ಲಿ ಕಾಂಪೋಸ್ಟಿನ ಬಿಸಿಯನ್ನು ಹಾದು ಬಂದಿರುವುದಿಲ್ಲ. ಬೆಲ್ಲವು ಕಾಕಂಬಿಯಂತೆಯೇ ಬ್ಯಾಕ್ಟೀರಿಯಗಳಿಗೆ ಆಹಾರ. ಹೊಲದ ಬೆಳೆಗೆ ಇವನ್ನು ಬಳಸುವ ವಿಚಾರ ಬೇರೆ. ಮಕ್ಕಳು ಆಡುವ ಹುಲ್ಲುಹಾಸಿಗೆ ಬಳಸುವಾಗ ಇವನ್ನು ಹಸಿ ಗೊಬ್ಬರವೆಂದೇ ಪರಿಗಣಿಸಬೇಕಾಗುತ್ತದೆ.

## ಇವನ್ನೂ ನೋಡಿ

* ಕಾಂಪೋಸ್ಟ್
* ಎರೆಹುಳು ಗೊಬ್ಬರ
* ಜೀವಾಮೃತ
* ಹುಲ್ಲುಹಾಸು
* ಎಸ್ಚರೀಷಿಯ ಕೋಲೈ
* ಸಾವಯವ ಕೃಷಿ